ಔಷಧಿಯೇ ಇಲ್ಲದ ಗುಳಿಗೆ: ರೋಗಿಗೆ ಕೊಡುವುದು ಯಾವಾಗ ಸರಿ, ಯಾವಾಗ ತಪ್ಪು?

ಹೋದ ತಿಂಗಳು ನಮ್ಮ ಓಣಿಯ ಕಾಕಾ ಒಬ್ಬರು ದಪ್ಪ ಕಾಗದದ ಕಟ್ಟು ಹಿಡಿದುಕೊಂಡು ಮನೆಗೆ ಬಂದರು. ಬಸ್ ಕಂಡಕ್ಟರ್ ಆಗಿ ಕಲಬುರಗಿ-ಬೀದರ್ ದಾರಿಯಲ್ಲೇ ಅರ್ಧ ಆಯುಷ್ಯ ಕಳೆದವರು, ಈಗ ನಿವೃತ್ತರು. ಹನ್ನೆರಡು ವರ್ಷದಿಂದ ಶುಗರ್ ಇದೆ. ಅವರು ತೋರಿಸಿಕೊಳ್ಳುವ ದವಾಖಾನೆಯಲ್ಲಿ ಹೊಸ ಗುಳಿಗೆಯೊಂದರ ಪ್ರಯೋಗ ನಡೆಯುತ್ತಿದೆಯಂತೆ. ಸೇರುತ್ತೀರಾ ಅಂತ ಕೇಳಿದ್ದಾರೆ. ಕಾಗದ ಕನ್ನಡದಲ್ಲೇ ಇತ್ತು. ಮೂರನೇ ಪುಟದಲ್ಲಿ ಕಾಕಾ ಬೆರಳಿಟ್ಟರು.

"ಇಲ್ಲಿ ನೋಡು ತಮ್ಮಾ. ಅರ್ಧ ಮಂದಿಗಿ ಖರೇ ಗುಳಿಗಿ, ಅರ್ಧ ಮಂದಿಗಿ ಔಷಧನೇ ಇಲ್ದ ಗುಳಿಗಿ ಅಂತ ಬರ್ದಾರ. ನನಗ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲಂತ. ಇದು ಮೋಸ ಅಲ್ಲೇನು?"

ಒಳ್ಳೆಯ ಪ್ರಶ್ನೆ. ಡಾಕ್ಟರುಗಳೇ ಇದರ ಮೇಲೆ ದಶಕಗಳಿಂದ ಜಗಳ ಆಡುತ್ತಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈಗ ಮೆಡಿಕಲ್ ಕಾಲೇಜುಗಳಿವೆ. ಔಷಧ ಪ್ರಯೋಗ ಅಂದರೆ ಬೆಂಗಳೂರು, ಹೈದರಾಬಾದಿನ ಮಾತು ಅಂತ ಸುಮ್ಮನಿರುವ ಹಾಗಿಲ್ಲ. ಇಂಥ ಕಾಗದ ನಾಳೆ ನಿಮ್ಮ ಮನೆಯವರ ಕೈಗೂ ಬರಬಹುದು. ಹಾಗಾಗಿ ಬುಡದಿಂದ ಬಿಡಿಸಿ ನೋಡೋಣ.

## ಮೊದಲು ತೊಗರಿ ಹೊಲಕ್ಕೆ ಹೋಗೋಣ

ತೊಗರಿ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಯಿಕೊರಕ ಹುಳಕ್ಕೆ ಹೊಸ ಎಣ್ಣೆ ಬಂದಿದೆ ಅಂತ ಅಂಗಡಿಯವರು ಕೊಟ್ಟರು ಅನ್ನಿ. ಇಡೀ ಹೊಲಕ್ಕೆ ಹೊಡೆದಿರಿ. ಹುಳ ಕಡಿಮೆಯಾಯಿತು. ಎಣ್ಣೆಯಿಂದಲೇ ಆಯಿತಾ? ಆ ವಾರ ಮೋಡ ಸರಿದು ಬಿಸಿಲು ಬಿದ್ದಿರಬಹುದು. ಹುಳದ ಕಾಲವೇ ಮುಗಿದಿರಬಹುದು. ಖಚಿತ ತಿಳಿಯಬೇಕಾದರೆ ಒಂದೇ ದಾರಿ: ನಾಲ್ಕು ಸಾಲು ಹೊಡೆಯದೆ ಬಿಡಬೇಕು. ಹೊಡೆದ ಸಾಲಿನ ಪಕ್ಕ ಬಿಟ್ಟ ಸಾಲು ಇಟ್ಟು ನೋಡಿದಾಗ ಮಾತ್ರ ಎಣ್ಣೆಯ ಬಂಡವಾಳ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಯಾವ ಸಾಲು ಬಿಡುತ್ತೀರಿ? ಬದುವಿನ ಪಕ್ಕದ ಬಡಕಲು ಸಾಲು ಬಿಟ್ಟು, ನಡುವಿನ ಒಳ್ಳೆ ಎರೆಮಣ್ಣಿನ ಸಾಲಿಗೆ ಹೊಡೆದರೆ ಎಣ್ಣೆ ಗೆದ್ದೇ ಗೆಲ್ಲುತ್ತದೆ. ಅದು ಹೋಲಿಕೆಯಲ್ಲ, ಕಣ್ಣಿಗೆ ಮಣ್ಣು. ಅದಕ್ಕೇ ಚೀಟಿ ಹಾಕಿ ಎತ್ತಬೇಕು. ಈ ಚೀಟಿಯ ಲೆಕ್ಕಕ್ಕೆ ಶಿಸ್ತು ಕೊಟ್ಟಿದ್ದು ರೊನಾಲ್ಡ್ ಫಿಶರ್. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ. ಅಂದರೆ ಇವತ್ತಿನ ಔಷಧ ಪ್ರಯೋಗಗಳ ಬೇರು ಇರುವುದು ಹೊಲದಲ್ಲೇ.

ಹೊಲದಿಂದ ಅದು ದವಾಖಾನೆಗೆ ಬಂದ ಹೆಸರಾಂತ ಉದಾಹರಣೆ 1948ರದ್ದು. ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಅನ್ನುವ ಹೊಸ ಔಷಧಿಯ ಪ್ರಯೋಗದ ಫಲಿತಾಂಶ ಆ ವರ್ಷ ಪ್ರಕಟವಾಯಿತು. 107 ರೋಗಿಗಳು. 55 ಮಂದಿಗೆ ಔಷಧಿಯ ಜೊತೆ ಹಾಸಿಗೆ ವಿಶ್ರಾಂತಿ, 52 ಮಂದಿಗೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಜನ ತೀರಿಕೊಂಡರು, ಪಡೆಯದವರಲ್ಲಿ 14. ಕ್ಷಯಕ್ಕೆ ಮದ್ದು ಸಿಕ್ಕಿತು ಅಂತ ಜಗತ್ತು ನಂಬಿತು.

ಆ 14 ಜನರ ಲೆಕ್ಕ ಓದಿದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ ಅಲ್ವಾ? ತೊಗರಿ ಸಾಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಅದೇ. ಗಿಡಕ್ಕೆ ನೋವಿಲ್ಲ, ಅದಕ್ಕೆ ಹೆಂಡತಿ ಮಕ್ಕಳಿಲ್ಲ. ಮನುಷ್ಯರನ್ನು ಹೊಡೆಯದ ಸಾಲಿನ ಹಾಗೆ ಬಿಡಬಹುದಾ ಅನ್ನುವುದೇ ಮುಂದಿನ ಎಲ್ಲ ಚರ್ಚೆಯ ತಿರುಳು.

ಆ ಪ್ರಯೋಗದ ಪರವಾಗಿ ಎರಡು ಮಾತು ಹೇಳಲೇಬೇಕು. ಆಗ ಬ್ರಿಟನ್ನಿಗೆ ಬಂದಿದ್ದ ಸ್ಟ್ರೆಪ್ಟೋಮೈಸಿನ್ ಬಹಳ ಕಡಿಮೆ, ಕೇಳಿದವರಿಗೆಲ್ಲ ಕೊಡುವಷ್ಟು ಇರಲೇ ಇಲ್ಲ. ಅಂಥ ಕ್ಷಯಕ್ಕೆ ಆಗ ಇದ್ದ ಚಿಕಿತ್ಸೆಯೂ ವಿಶ್ರಾಂತಿಯೇ. ಆದರೆ ವಿಶ್ರಾಂತಿಯ ಗುಂಪಿನವರಿಗೆ ತಾವೊಂದು ಪ್ರಯೋಗದಲ್ಲಿದ್ದೇವೆ ಅಂತ ಹೇಳಿರಲಿಲ್ಲ. ಇವತ್ತು ಹಾಗೆ ಮಾಡಿದರೆ ಕಾನೂನು ಬಿಡುವುದಿಲ್ಲ.

## ಸುಮ್ನೆ ಬಿಡಬಹುದಲ್ಲ, ಹುಸಿ ಗುಳಿಗೆ ಯಾಕೆ?

ಸಾಲು ಬಿಡುವುದು ಅರ್ಥವಾಯಿತು. ಆದರೆ ಏನೂ ಕೊಡದೆ ಬಿಡುವ ಬದಲು ಔಷಧಿ ಇಲ್ಲದ ಗುಳಿಗೆ ನುಂಗಿಸುವ ನಾಟಕ ಯಾಕೆ?

ಈ ಹುಸಿ ಗುಳಿಗೆಗೆ ಪ್ಲಸಿಬೊ ಅನ್ನುತ್ತಾರೆ. ಲ್ಯಾಟಿನ್ ಮಾತು, 'ನಾನು ಮೆಚ್ಚಿಸುತ್ತೇನೆ' ಅಂತ ಅರ್ಥ. ಬಣ್ಣ, ಆಕಾರ, ಅಳತೆ, ರುಚಿ ಎಲ್ಲ ಅಸಲಿ ಗುಳಿಗೆಯಂತೆಯೇ. ಒಳಗೆ ಔಷಧಿಯೊಂದು ಮಾತ್ರ ಇಲ್ಲ. ಚುಚ್ಚುಮದ್ದಾದರೆ ಎಷ್ಟೋ ಸಲ ಬರೀ ಉಪ್ಪುನೀರು.

ಇದು ಯಾಕೆ ಬೇಕು ಅನ್ನುವುದಕ್ಕೆ 1799ರ ಒಂದು ಪ್ರಸಂಗ ಹೇಳುತ್ತೇನೆ. ಆಗ ಪರ್ಕಿನ್ಸ್ ಎಂಬುವವರ ಲೋಹದ ಕಡ್ಡಿಗಳು ಬಹಳ ಹೆಸರು ಮಾಡಿದ್ದವು. ಮೈಮೇಲೆ ಎಳೆದರೆ ನೋವು ಹೋಗುತ್ತದೆ ಅಂತ ಜನ ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ಇಂಗ್ಲೆಂಡಿನ ಬಾತ್ ಊರಿನ ಡಾಕ್ಟರ್ ಜಾನ್ ಹೇಗಾರ್ತ್ ಅದೇ ಆಕಾರದ ಕಟ್ಟಿಗೆ ಕಡ್ಡಿ ಮಾಡಿಸಿ, ಬಣ್ಣ ಹಚ್ಚಿ, ಕೀಲುನೋವಿನ ಐದು ಜನ ರೋಗಿಗಳ ಮೇಲೆ ಎಳೆದರು. ನಾಲ್ವರು ಆರಾಮ ಆಯಿತು ಅಂದರು! ಮರುದಿನ ಅಸಲಿ ಲೋಹದ ಕಡ್ಡಿ ಎಳೆದಾಗಲೂ ಅಷ್ಟೇ ಆರಾಮ. ಗುಣ ಕಡ್ಡಿಯಲ್ಲಿ ಇರಲಿಲ್ಲ.

ಚಿಕಿತ್ಸೆ ಸಿಕ್ಕಿತು ಅನ್ನುವ ನಂಬಿಕೆಯಿಂದಲೇ ನೋವು, ವಾಕರಿಕೆಯಂಥ ಅನುಭವಗಳು ಹಗುರವಾಗುತ್ತವೆ. ಹಾಗಂತ ಹುಸಿ ಗುಳಿಗೆಯಿಂದ ಗಡ್ಡೆ ಕರಗುವುದಿಲ್ಲ, ಮುರಿದ ಎಲುಬು ಕೂಡುವುದಿಲ್ಲ. ಇದರ ಶಕ್ತಿಯನ್ನು ಜನ ಜಾಸ್ತಿಯೇ ಹೊಗಳುತ್ತಾರೆ.

ನಂಬಿಕೆಯದು ಒಂದು ಭಾಗ ಅಷ್ಟೇ. ಕಾಯಿಲೆ ತನ್ನಷ್ಟಕ್ಕೆ ಏರಿಳಿಯುತ್ತದೆ. ನೆಗಡಿಗೆ ಮದ್ದು ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಅನ್ನುತ್ತೇವಲ್ಲ, ಹಾಗೆ. ಜನ ದವಾಖಾನೆಗೆ ಹೋಗುವುದೇ ತ್ರಾಸು ಹೆಚ್ಚಾದಾಗ. ಹೆಚ್ಚಾದದ್ದು ಸ್ವಲ್ಪ ದಿನಕ್ಕೆ ಇಳಿಯುತ್ತದೆ, ಹೆಸರು ಗುಳಿಗೆಗೆ ಬರುತ್ತದೆ. ಪ್ರಯೋಗಕ್ಕೆ ಸೇರಿದ ಮೇಲೆ ವಾರ ವಾರ ತಪಾಸಣೆ ಇರುತ್ತದೆ. ಆ ಹೆದರಿಕೆಗೇ ಎಷ್ಟೋ ಜನ ಬೆಳಿಗ್ಗೆ ಅಪ್ಪನ ಕೆರೆ ಸುತ್ತ ವಾಕಿಂಗ್ ಶುರು ಮಾಡುತ್ತಾರೆ, ಚಹಾಕ್ಕೆ ಸಕ್ಕರೆ ಬಿಡುತ್ತಾರೆ. ಹೊಸ ಔಷಧಿಯ ಪಾಲು ಎಷ್ಟು, ಇವೆಲ್ಲದರ ಪಾಲು ಎಷ್ಟು ಅಂತ ಬೇರೆ ಮಾಡಬೇಕಾದರೆ ಎರಡೂ ಗುಂಪಿನವರು 'ನಾನೂ ಗುಳಿಗೆ ತಗೊಳ್ಳುತ್ತಿದ್ದೇನೆ' ಅನ್ನುವ ಒಂದೇ ಸ್ಥಿತಿಯಲ್ಲಿರಬೇಕು.

ಡಾಕ್ಟರಿಗೂ ಯಾಕೆ ಗೊತ್ತಿರಬಾರದು? ಅವರೂ ಮನುಷ್ಯರೇ. ಅಸಲಿ ಗುಳಿಗೆ ತಗೊಂಡವರನ್ನು ಕೇಳುವಾಗ "ಸ್ವಲ್ಪ ಆರಾಮ ಅನಿಸ್ತದ ಅಲ್ಲರಿ?" ಅನ್ನುವ ದನಿ ತಾನಾಗಿ ಬಂದುಬಿಡುತ್ತದೆ. ಎರಡೂ ಕಡೆ ಮುಚ್ಚಿಡುವ ಈ ಕ್ರಮಕ್ಕೆ ಡಬಲ್ ಬ್ಲೈಂಡ್ ಅನ್ನುತ್ತಾರೆ. ಯಾರಿಗೆ ಯಾವುದು ಅನ್ನುವ ಗುಟ್ಟು ಬೇರೆ ಕಡೆ ಭದ್ರವಾಗಿರುತ್ತದೆ. ರೋಗಿಗೆ ಅಪಾಯ ಬಂದರೆ ಆ ಕ್ಷಣವೇ ಗುಟ್ಟು ಒಡೆಯುವ ವ್ಯವಸ್ಥೆ ಇರಬೇಕು.

ಕಾಕಾ ಕೇಳಿದ 'ಮೋಸ'ಕ್ಕೆ ಅರ್ಧ ಉತ್ತರ ಇಲ್ಲಿದೆ. ಹುಸಿ ಗುಳಿಗೆ ಸಿಗಬಹುದು ಅಂತ ಮೊದಲೇ ಹೇಳಿ, ಒಪ್ಪಿಸಿಕೊಂಡು ಕೊಟ್ಟರೆ ಅದು ಮೋಸ ಆಗುವುದಿಲ್ಲ. ಕಣ್ಣಾಮುಚ್ಚಾಲೆ ಆಡಲು ಒಪ್ಪಿ ಕಣ್ಣು ಕಟ್ಟಿಸಿಕೊಂಡ ಹಾಗೆ. ಹೇಳದೇ ಕೊಟ್ಟರೆ ಮೋಸವೇ. ಉಳಿದರ್ಧ ಉತ್ತರ ಇಷ್ಟು ಸಲೀಸಲ್ಲ.

## ಎಲ್ಲರೂ ನಂಬಿದ್ದ ಔಷಧಿ ಕೊಲ್ಲುತ್ತಿತ್ತು

ಹೃದಯಾಘಾತ ಆದವರಲ್ಲಿ ಕೆಲವರಿಗೆ ಎದೆಬಡಿತ ತಾಳ ತಪ್ಪುತ್ತದೆ. ಹಾಗೆ ತಪ್ಪುವವರು ಹಠಾತ್ತನೆ ಸಾಯುವುದು ಹೆಚ್ಚು. ತಾಳ ಸರಿಮಾಡುವ ಗುಳಿಗೆಗಳು ಬಂದವು. ಇಸಿಜಿಯಲ್ಲಿ ತಾಳ ಸರಿಯಾಗಿದ್ದು ಕಣ್ಣಿಗೇ ಕಾಣುತ್ತಿತ್ತು. ಹಾಗಾದರೆ ಸಾವೂ ಕಡಿಮೆಯಾಗಬೇಕು ಅಂತ ಅಮೆರಿಕದ ಡಾಕ್ಟರುಗಳು ಧಾರಾಳವಾಗಿ ಬರೆದುಕೊಡುತ್ತಿದ್ದರು. ಇಷ್ಟು ಒಳ್ಳೆ ಔಷಧಿ ಇರುವಾಗ ಹುಸಿ ಗುಳಿಗೆ ಕೊಡುವುದು ಅನ್ಯಾಯ ಅಂದವರೂ ಇದ್ದರು.

ಆದರೂ ಕಾಸ್ಟ್ ಅನ್ನುವ ಹೆಸರಿನ ಪ್ರಯೋಗ ನಡೆಯಿತು. 1989ರಲ್ಲಿ ಅದರ ಮುಖ್ಯ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಎರಡು ಗುಳಿಗೆಗಳಲ್ಲಿ ಒಂದನ್ನು ಪಡೆದ 755 ಜನರಲ್ಲಿ 63 ಮಂದಿ ಸತ್ತಿದ್ದರು. ಹುಸಿ ಗುಳಿಗೆಯ 743 ಜನರಲ್ಲಿ 26. ತಾಳ ಸರಿಯಾಗಿತ್ತು, ರೋಗಿ ಉಳಿಯಲಿಲ್ಲ.

ಹುಸಿ ಗುಳಿಗೆ ಸಿಕ್ಕವರು ಪಾಪ, ಅಸಲಿ ಸಿಕ್ಕವರು ಪುಣ್ಯವಂತರು ಅಂತ ನಾವು ಮೊದಲೇ ಅಂದುಕೊಂಡುಬಿಡುತ್ತೇವೆ. ಇಲ್ಲಿ ಪುಣ್ಯವಂತರು ಯಾರು? ಹೊಸ ಔಷಧಿ ಅಂದರೆ ಒಳ್ಳೆ ಔಷಧಿ ಅಂತೇನಿಲ್ಲ. ಅದು ಗೊತ್ತಿಲ್ಲದ ಕಾರಣಕ್ಕೇ ಪ್ರಯೋಗ ಮಾಡುವುದು.

ಈ 'ಗೊತ್ತಿಲ್ಲ' ಅನ್ನುವುದಕ್ಕೆ ಬಹಳ ಬೆಲೆ ಇದೆ. ಎರಡರಲ್ಲಿ ಯಾವುದು ಮೇಲು ಅಂತ ಬಲ್ಲವರ ನಡುವೆ ಪ್ರಾಮಾಣಿಕವಾದ ಅನುಮಾನ ಇರುವವರೆಗೆ ಮಾತ್ರ ಚೀಟಿ ಎತ್ತುವುದು ನ್ಯಾಯ. 1987ರಲ್ಲಿ ಬೆಂಜಮಿನ್ ಫ್ರೀಡ್‌ಮನ್ ಎಂಬ ಚಿಂತಕರು ಈ ಮಾತನ್ನು ಸ್ಪಷ್ಟವಾಗಿ ಬರೆದರು. ತಕ್ಕಡಿಯ ಎರಡೂ ತಟ್ಟೆ ಸಮ ಇರಬೇಕು, ಅಷ್ಟೇ. ಒಂದು ತಟ್ಟೆ ಕೆಳಗಿಳಿದದ್ದು ಖಚಿತವಾದ ಮೇಲೂ ಚೀಟಿ ಎತ್ತುತ್ತಾ ಕೂತರೆ ಅದು ಬೇರೆಯೇ ವ್ಯವಹಾರ.

## ಇರುವ ಔಷಧಿಯನ್ನು ಕಿತ್ತುಕೊಂಡರೆ?

ಈಗ ಎರಡು ರೋಗಗಳನ್ನು ಪಕ್ಕಪಕ್ಕ ಇಡೋಣ. ಒಂದು ಸಾಮಾನ್ಯ ತಲೆನೋವು. ಔಷಧಿ ಇದೆ. ಆದರೂ ಹೊಸ ಗುಳಿಗೆಯ ಪ್ರಯೋಗದಲ್ಲಿ ಎರಡು ತಾಸು ಹುಸಿ ಗುಳಿಗೆಯ ಮೇಲೆ ಇದ್ದರೆ ಏನಾಗುತ್ತದೆ? ತಲೆ ಇನ್ನಷ್ಟು ಹೊತ್ತು ನೋಯುತ್ತದೆ. ಇನ್ನೊಂದು ಕ್ಷಯ. ಇವತ್ತು ಅದಕ್ಕೆ ಗುಣಪಡಿಸುವ ಔಷಧಿ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಈಗ ಕ್ಷಯ ರೋಗಿಗೆ ಆರು ತಿಂಗಳು ಬರೀ ಹುಸಿ ಗುಳಿಗೆ ಕೊಡುತ್ತೇನೆ ಅಂದರೆ ಅದನ್ನು ಪ್ರಯೋಗ ಅನ್ನಲು ಬಾಯಿ ಬರುವುದಿಲ್ಲ.

ಜಗತ್ತಿನ ವೈದ್ಯರ ಸಂಘ 1964ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಒಪ್ಪಿದ ಘೋಷಣೆಯೊಂದಿದೆ. ಹಲವು ಸಲ ತಿದ್ದಿದ್ದಾರೆ, ತೀರಾ ಇತ್ತೀಚಿನದು 2024ರಲ್ಲಿ. ಅದರ ಸಾರ ಹೀಗೆ: ಹೊಸದನ್ನು ಈಗಿರುವ ಅತ್ಯುತ್ತಮ ಚಿಕಿತ್ಸೆಯ ಜೊತೆ ಹೋಲಿಸಬೇಕು. ಚಿಕಿತ್ಸೆಯೇ ಇಲ್ಲದ ರೋಗವಾದರೆ ಹುಸಿ ಗುಳಿಗೆ ನಡೆಯುತ್ತದೆ. ಚಿಕಿತ್ಸೆ ಇದ್ದರೂ ಹುಸಿ ಗುಳಿಗೆ ಬೇಕೇ ಬೇಕು ಅನ್ನುವುದಾದರೆ ಎರಡು ಷರತ್ತು: ಅದಿಲ್ಲದೆ ಸತ್ಯ ತಿಳಿಯುವುದಿಲ್ಲ ಅನ್ನುವುದಕ್ಕೆ ಗಟ್ಟಿ ವೈಜ್ಞಾನಿಕ ಕಾರಣ ಇರಬೇಕು, ಮತ್ತು ಅದರಿಂದ ಯಾರಿಗೂ ಗಂಭೀರವಾದ, ಮರಳಿ ಸರಿಯಾಗದ ಹಾನಿಯ ಅಪಾಯ ಹೆಚ್ಚಬಾರದು.

ಕಾರಣ ಇಲ್ಲದೆ ಇಷ್ಟು ಬಿಗಿ ಬಂದಿಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸಿಫಿಲಿಸ್ ರೋಗವಿದ್ದ 399 ಕಪ್ಪು ಜನರನ್ನು ಸರ್ಕಾರದ ಆರೋಗ್ಯ ಇಲಾಖೆಯೇ ಚಿಕಿತ್ಸೆ ಕೊಡದೆ 'ಗಮನಿಸುತ್ತಾ' ಕೂತಿತ್ತು. ಪೆನಿಸಿಲಿನ್‌ನಿಂದ ರೋಗ ವಾಸಿಯಾಗುತ್ತದೆ ಅಂತ ನಡುವೆಯೇ ಗೊತ್ತಾಯಿತು. ಆದರೂ ಕೊಡಲಿಲ್ಲ. ಅವರೆಲ್ಲ ಬಡ ಕೂಲಿಕಾರರು, ಸಣ್ಣ ರೈತರು.

## ಯಾವ ಊರಿನ ಚಿಕಿತ್ಸೆ ಲೆಕ್ಕಕ್ಕೆ?

'ಈಗಿರುವ ಅತ್ಯುತ್ತಮ ಚಿಕಿತ್ಸೆ' ಅಂದೆ. ಎಲ್ಲಿ ಇರುವ? ಲಂಡನ್ನಿನಲ್ಲಾ, ಬೆಂಗಳೂರಿನಲ್ಲಾ, ಸುರಪುರದ ಆಚೆಯ ತಾಂಡಾದಲ್ಲಾ? ಈ ಒಂದು ಪ್ರಶ್ನೆಯ ಮೇಲೆ ಆದಷ್ಟು ಜಗಳ ಬೇರೆ ಯಾವುದರ ಮೇಲೂ ಆಗಿಲ್ಲ.

ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ಎಝಡ್‌ಟಿ ಔಷಧಿ ತಡೆಯುತ್ತದೆ ಅಂತ 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಪ್ರಯೋಗ ತೋರಿಸಿತು. ದಾಟುವ ಪ್ರಮಾಣ ಶೇ 25.5ರಿಂದ ಶೇ 8.3ಕ್ಕೆ ಇಳಿಯಿತು. ಆದರೆ ಆ ಚಿಕಿತ್ಸೆ ಉದ್ದ, ದುಬಾರಿ. ಬಡ ದೇಶಗಳಿಗೆ ಎಟುಕುವಂಥದ್ದಲ್ಲ. ಹಾಗಾಗಿ ಆಫ್ರಿಕ, ಥಾಯ್ಲೆಂಡ್ ಕಡೆ ಸಣ್ಣ ಅವಧಿಯ, ಅಗ್ಗದ ಚಿಕಿತ್ಸೆಯ ಪ್ರಯೋಗ ಶುರುವಾಯಿತು. ಹೋಲಿಕೆ ಯಾವುದರ ಜೊತೆ? ಹುಸಿ ಗುಳಿಗೆಯ ಜೊತೆ.

1997ರಲ್ಲಿ ದೊಡ್ಡ ಗಲಾಟೆ ಎದ್ದಿತು. ಅಮೆರಿಕದಲ್ಲಿ ಮಾಡಲು ಒಪ್ಪದ ಪ್ರಯೋಗವನ್ನು ಬಡವರ ಮೇಲೆ ಯಾಕೆ ಮಾಡುತ್ತೀರಿ ಅಂತ ಒಂದು ಕಡೆಯವರು ಕೇಳಿದರು. ಟಸ್ಕೀಗಿಯ ಹೆಸರೂ ಬಂತು. ಇನ್ನೊಂದು ಕಡೆಯವರು ಹೇಳಿದ್ದು: ಈ ತಾಯಂದಿರಿಗೆ ಹೇಗೂ ಯಾವ ಔಷಧಿಯೂ ಸಿಗುತ್ತಿರಲಿಲ್ಲ, ಅಗ್ಗದ್ದು ಕೆಲಸ ಮಾಡುತ್ತದಾ ಅಂತ ಬೇಗ ತಿಳಿಯಲು ಇದೇ ದಾರಿ. 1998ರಲ್ಲಿ ಥಾಯ್ಲೆಂಡಿನ ಫಲಿತಾಂಶ ಬಂತು. ಸಣ್ಣ ಅವಧಿಯ ಚಿಕಿತ್ಸೆ ಸೋಂಕನ್ನು ಅರ್ಧಕ್ಕೆ ಇಳಿಸಿತ್ತು, ಶೇ 18.9ರಿಂದ ಶೇ 9.4ಕ್ಕೆ. ಅಲ್ಲಿಂದಾಚೆ ಇಂಥ ಪ್ರಯೋಗಗಳಲ್ಲಿ ಹುಸಿ ಗುಳಿಗೆ ಕೈಬಿಟ್ಟರು. ಔಷಧಿ ಬಂತು ನಿಜ. ಹುಸಿ ಗುಳಿಗೆಯ ಗುಂಪಿನಲ್ಲಿ ಸೋಂಕು ತಗಲಿದ ಮಕ್ಕಳೂ ನಿಜ.

ಇದು ದೂರದ ಕಥೆ ಅನ್ನಿಸಿದರೆ ಆಳಂದ ದಾಟಿ ನೋಡಿ. ಉಮರ್ಗಾ ಬರುತ್ತದೆ, ಉಸ್ಮಾನಾಬಾದ್ ಜಿಲ್ಲೆ, ಈಗಿನ ಹೆಸರು ಧಾರಾಶಿವ. ನಮ್ಮ ಹಾಗೆಯೇ ಒಂದು ಕಾಲಕ್ಕೆ ನಿಜಾಮರ ರಾಜ್ಯದಲ್ಲಿದ್ದ ನಾಡು. ಅಲ್ಲಿ 1999ರಲ್ಲಿ ಶುರುವಾದ ಅಧ್ಯಯನವೊಂದರಲ್ಲಿ 1,31,746 ಹೆಣ್ಣುಮಕ್ಕಳು ಇದ್ದರು. ವಯಸ್ಸು 30ರಿಂದ 59. ಗರ್ಭಕೊರಳಿನ ಕ್ಯಾನ್ಸರನ್ನು ಮೊದಲೇ ಪತ್ತೆ ಮಾಡಲು ಯಾವ ತಪಾಸಣೆ ಒಳ್ಳೆಯದು ಅನ್ನುವುದು ಪ್ರಶ್ನೆ. ಹಳ್ಳಿಗಳನ್ನು 52 ಗುಂಪು ಮಾಡಿ ನಾಲ್ಕು ಭಾಗಕ್ಕೆ ಹಂಚಿದರು. ಮೂರು ಭಾಗಕ್ಕೆ ಮೂರು ಬಗೆಯ ತಪಾಸಣೆ. ನಾಲ್ಕನೆಯ ಭಾಗದ ಹಳ್ಳಿಗಳಿಗೆ ತಪಾಸಣೆ ಇಲ್ಲ, ಊರಲ್ಲಿ ಹಿಂದಿನಿಂದ ಹೇಗಿತ್ತೋ ಹಾಗೆ.

ಇಲ್ಲಿ ಯಾರೂ ಹುಸಿ ಗುಳಿಗೆ ನುಂಗಲಿಲ್ಲ. ಆದರೂ ಸಾಲು ಬಿಟ್ಟದ್ದು ಬಿಟ್ಟದ್ದೇ. 2009ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಎಚ್‌ಪಿವಿ ಪರೀಕ್ಷೆ (ಈ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವುದು) ಸಿಕ್ಕ ಭಾಗದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ಇಲ್ಲದ ಭಾಗದಲ್ಲಿ 64. ಒಂದೇ ಸಲದ ಪರೀಕ್ಷೆ ಸಾವನ್ನು ಅರ್ಧ ಮಾಡಬಲ್ಲದು ಅಂತ ಜಗತ್ತಿಗೆ ತಿಳಿದದ್ದು ಈ ಹಳ್ಳಿಗಳಿಂದ. ಟೀಕಿಸಿದವರು ಕೇಳಿದ್ದು: ತಪಾಸಣೆಯಿಂದ ಈ ಕ್ಯಾನ್ಸರ್ ತಡೆಯಬಹುದು ಅಂತ ಶ್ರೀಮಂತ ದೇಶಗಳಲ್ಲಿ ದಶಕಗಳಿಂದ ಗೊತ್ತಿತ್ತಲ್ಲ? ನಡೆಸಿದವರ ಉತ್ತರ: ಆ ಹಳ್ಳಿಗಳಲ್ಲಿ ಯಾವ ತಪಾಸಣೆಯೂ ಇರಲಿಲ್ಲ, ಇದ್ದದ್ದನ್ನು ನಾವು ಕಿತ್ತುಕೊಂಡಿಲ್ಲ.

ಎರಡೂ ಮಾತಲ್ಲಿ ಹುರುಳಿದೆ. ನನಗೆ ಮಾತ್ರ ಎರಡನೆಯ ಉತ್ತರ ಓದಿದಾಗಲೆಲ್ಲ ಸ್ವಲ್ಪ ಕಸಿವಿಸಿ. ಊರಲ್ಲಿ ದವಾಖಾನೆ ಇಲ್ಲದಿರುವುದೇ 'ನಮ್ಮ ಚಿಕಿತ್ಸೆಯ ಮಟ್ಟ' ಅಂತಾದರೆ, ಹಿಂದುಳಿದ ಜಿಲ್ಲೆಗಳ ಜನ ಯಾವಾಗಲೂ ಬಿಟ್ಟ ಸಾಲಿನಲ್ಲೇ ಇರಬೇಕಾಗುತ್ತದೆ. ಹಾಗಂತ ಆ ಅಧ್ಯಯನವೇ ಆಗದಿದ್ದರೆ ಉಳಿದ ಹೆಣ್ಣುಮಕ್ಕಳ ಲೆಕ್ಕ ಯಾರು ಕೊಡುತ್ತಿದ್ದರು?

ನಮ್ಮದೇ ದೇಶದ ಇನ್ನೊಂದು ಉದಾಹರಣೆ, ಮಕ್ಕಳ ವಾಂತಿಭೇದಿಗೆ ಕೊಡುವ ರೋಟಾವ್ಯಾಕ್ ಲಸಿಕೆ. ದೆಹಲಿ, ಪುಣೆ, ವೆಲ್ಲೂರಿನಲ್ಲಿ 2011ರಿಂದ 6,799 ಹಸುಗೂಸುಗಳ ಮೇಲೆ ಪ್ರಯೋಗ ನಡೆಯಿತು. 4,532 ಮಕ್ಕಳಿಗೆ ಲಸಿಕೆ, 2,267 ಮಕ್ಕಳಿಗೆ ಹುಸಿ ಹನಿ. ಆಗಲೇ ವಿದೇಶಿ ಕಂಪನಿಗಳ ಎರಡು ಲಸಿಕೆ ಇದ್ದವು, ದುಡ್ಡಿದ್ದವರು ಹಾಕಿಸುತ್ತಿದ್ದರು. ಅವನ್ನೇ ಹೋಲಿಕೆಗೆ ಯಾಕೆ ಕೊಡಲಿಲ್ಲ ಅಂತ ಕೇಳಿದವರಿದ್ದರು. ಅವು ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಇರಲಿಲ್ಲ, ಬಡ ದೇಶಗಳಲ್ಲಿ ಅವುಗಳ ಗುಣವೂ ಕಡಿಮೆ ಕಂಡಿತ್ತು ಅನ್ನುವುದು ಉತ್ತರವಾಗಿತ್ತು. ಎರಡೂ ಗುಂಪಿನ ಮಕ್ಕಳನ್ನು ಸತತವಾಗಿ ನೋಡಿಕೊಂಡು, ಭೇದಿಯಾದರೆ ಚಿಕಿತ್ಸೆ ಕೊಡುತ್ತಿದ್ದರು. ರೋಟಾ ಅನ್ನುವ ವೈರಸ್ಸಿನಿಂದ ಬರುವ ತೀವ್ರ ಭೇದಿಯನ್ನು ಲಸಿಕೆ ಮೊದಲ ವರ್ಷ ಸುಮಾರು ಶೇ 56ರಷ್ಟು ತಡೆಯಿತು. 2016ರಿಂದ ರೋಟಾ ಲಸಿಕೆ ಹಂತ ಹಂತವಾಗಿ ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ಇವತ್ತು ಅಂಗನವಾಡಿಯಲ್ಲಿ ಪುಕ್ಕಟೆ.

## ಪ್ರಯೋಗದ ನಡುವೆ ಉತ್ತರ ಸಿಕ್ಕಿಬಿಟ್ಟರೆ

1986ರಲ್ಲಿ ಅದೇ ಎಝಡ್‌ಟಿಯನ್ನು ಮೊದಲ ಬಾರಿ ಏಡ್ಸ್ ರೋಗಿಗಳಿಗೆ ಕೊಟ್ಟು ನೋಡುವಾಗ, ಹುಸಿ ಗುಳಿಗೆಯ ಗುಂಪಿನಲ್ಲಿ 19 ಜನ ಸತ್ತಿದ್ದರು, ಔಷಧಿಯ ಗುಂಪಿನಲ್ಲಿ ಒಬ್ಬರು. ಇಂಥ ಪ್ರಯೋಗಗಳಲ್ಲಿ ಹೊರಗಿನ ತಜ್ಞರ ಒಂದು ಗುಂಪು ಮಾತ್ರ ಗುಟ್ಟು ಬಿಚ್ಚಿ ಆಗಾಗ ಲೆಕ್ಕ ನೋಡುತ್ತದೆ. ಅವರು ನೋಡಿದರು, ನಿಲ್ಲಿಸಿ ಅಂದರು. ಎಲ್ಲರಿಗೂ ಔಷಧಿ ಕೊಟ್ಟರು.

ಕೊರೊನಾ ಲಸಿಕೆಯಲ್ಲೂ ಇದೇ ಬಂತು. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯದೇ ಆಗಿತ್ತು, ಆ ದಿನಗಳ ಭಯ ಇಲ್ಲಿ ಯಾರೂ ಮರೆತಿಲ್ಲ. ಆಗ ಲಸಿಕೆಯೇ ಇರಲಿಲ್ಲ, ಹಾಗಾಗಿ ಹುಸಿ ಚುಚ್ಚುಮದ್ದು ಕೊಡುವುದರಲ್ಲಿ ತಪ್ಪು ಹುಡುಕುವುದು ಕಷ್ಟ. ಆ ವರ್ಷದ ನವೆಂಬರಿನಲ್ಲಿ ಫೈಜರ್ ಪ್ರಯೋಗದ ಲೆಕ್ಕ ಬಂತು: 170 ಸೋಂಕಿತರಲ್ಲಿ 162 ಜನ ಹುಸಿ ಚುಚ್ಚುಮದ್ದಿನವರು, 8 ಜನ ಲಸಿಕೆಯವರು. ತಕ್ಕಡಿ ವಾಲಿತು. ಇನ್ನು ಎರಡು ವರ್ಷ ಹಾಗೆಯೇ ಬಿಟ್ಟರೆ ಲಸಿಕೆ ಎಷ್ಟು ದಿನ ಬಾಳುತ್ತದೆ ಅಂತ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಹುಸಿ ಪಡೆದವರಿಗೂ ಲಸಿಕೆ ಕೊಡುವುದೇ ನ್ಯಾಯ ಅಂತ ತೀರ್ಮಾನವಾಯಿತು.

## ಹುಸಿ ಆಪರೇಷನ್ ಕೂಡ ಇದೆ

ಮಂಡಿನೋವು ನಮ್ಮಲ್ಲಿ ಮನೆಗೊಬ್ಬರಿಗೆ ಇದೆ, ಹಾಗಾಗಿ ಇದನ್ನು ಹೇಳದೆ ಮುಂದೆ ಹೋಗಲಾರೆ. ಮಂಡಿಯೊಳಗೆ ದುರ್ಬೀನು ಬಿಟ್ಟು ತೊಳೆದು, ಕೆರೆದು ತೆಗೆಯುವ ಆಪರೇಷನ್ ಬಹಳ ಚಾಲ್ತಿಯಲ್ಲಿತ್ತು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮಂಡಿ ಸವೆದಿದ್ದ 180 ಜನರ ಮೇಲೆ ಪ್ರಯೋಗ ಮಾಡಿದರು. ಒಂದು ಗುಂಪಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿ ಕಳಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷ ಕಳೆದರೂ ಅಸಲಿ ಆಪರೇಷನ್ ಆದವರಿಗೂ ಹುಸಿ ಆದವರಿಗೂ ವ್ಯತ್ಯಾಸ ಇರಲಿಲ್ಲ.

ಚರ್ಮ ಕೊಯ್ಯುವುದು ಗುಳಿಗೆ ನುಂಗಿಸಿದ ಹಾಗಲ್ಲ. ಲಾಭವೇ ಇಲ್ಲದೆ ಗಾಯ ಮಾಡಿದಂತಾಯಿತಲ್ಲ ಅಂತ ಆಕ್ಷೇಪ ಬಂದದ್ದು ಸಹಜ. ಆದರೆ ಒಪ್ಪಿಗೆ ಪಡೆದ ರೀತಿ ಗಮನಿಸಿ. ತಮಗೆ ಬರೀ ಹುಸಿ ಆಪರೇಷನ್ ಆಗಬಹುದು, ಅದರಿಂದ ಮಂಡಿಗೆ ಏನೂ ಗುಣ ಆಗಲಿಕ್ಕಿಲ್ಲ ಅಂತ ರೋಗಿಗಳೇ ಕೈಯಾರೆ ಬರೆದುಕೊಡಬೇಕಿತ್ತು. ಕೇಳಿದ 324 ಜನರಲ್ಲಿ 144 ಜನ ಒಲ್ಲೆ ಅಂದರು. ಇಷ್ಟು ಜನ ಒಲ್ಲೆ ಅಂದರು ಅಂದರೆ ವಿಷಯ ಅವರಿಗೆ ನಿಜವಾಗಿ ಅರ್ಥವಾಗಿತ್ತು ಅಂತ ನನ್ನ ಲೆಕ್ಕ.

## ಪೂರ್ತಿ ಬಿಡದೆಯೂ ಹೋಲಿಸಬಹುದು

ಮತ್ತೆ ಕಾಕಾ ಕಾಗದಕ್ಕೆ ಬರೋಣ. ಅವರ ಹೆದರಿಕೆ ಏನಿತ್ತೆಂದರೆ, ಈಗ ನುಂಗುತ್ತಿರುವ ಶುಗರ್ ಗುಳಿಗೆ ಬಿಡಿಸಿ ಹುಸಿ ಗುಳಿಗೆ ಕೊಡುತ್ತಾರೆ ಅಂತ. ನಾನು ಐದನೇ ಪುಟ ಓದಿ ಹೇಳಿದೆ. ಈಗಿನ ಮೆಟ್‌ಫಾರ್ಮಿನ್ ಹಾಗೆಯೇ ಮುಂದುವರಿಯುತ್ತದೆ. ಅದರ ಮೇಲೆ ಒಬ್ಬರಿಗೆ ಹೊಸ ಗುಳಿಗೆ, ಇನ್ನೊಬ್ಬರಿಗೆ ಹುಸಿ ಗುಳಿಗೆ. ಅಂದರೆ ಎರಡೂ ಸಾಲಿಗೆ ಹಳೆಯ ಎಣ್ಣೆ ಹೊಡೆದೇ ಇದೆ, ಹೊಸದು ಒಂದು ಸಾಲಿಗೆ ಮಾತ್ರ ಹೆಚ್ಚಿಗೆ. ಶುಗರ್, ಬಿಪಿ, ಮೂರ್ಛೆ ರೋಗ, ಕ್ಯಾನ್ಸರ್‌ಗಳಲ್ಲಿ ಇವತ್ತು ಹೀಗೆಯೇ ಮಾಡುವುದು ಹೆಚ್ಚು.

ಅದೇ ಪುಟದಲ್ಲಿ ಇನ್ನೊಂದು ಸಾಲಿತ್ತು. ಸಕ್ಕರೆ ಇಷ್ಟರ ಮೇಲೆ ಹೋದರೆ ಕಾಯದೆ ಬೇರೆ ಔಷಧಿ ಸೇರಿಸುತ್ತೇವೆ ಅಂತ. ಇದು ಬಿದ್ದರೆ ಹಿಡಿಯುವ ಬಲೆ ಇದ್ದ ಹಾಗೆ. ಹುಸಿ ಗುಳಿಗೆ ಇರುವ ಪ್ರಯೋಗದಲ್ಲಿ ಇಂಥ ಸಾಲು ಕಾಣದಿದ್ದರೆ ಯಾಕಿಲ್ಲ ಅಂತ ಕೇಳಲೇಬೇಕು.

ಹುಸಿ ಗುಳಿಗೆಯೇ ಬೇಡ, ಹಳೆಯ ಔಷಧಿಯ ಎದುರು ಹೊಸದನ್ನು ನೇರವಾಗಿ ನಿಲ್ಲಿಸುವುದೂ ಉಂಟು. ಕೇಳಲು ಇದೇ ಹೆಚ್ಚು ನ್ಯಾಯ ಅನಿಸುತ್ತದೆ. ತೊಡಕು ಏನೆಂದರೆ, ಎರಡೂ ಒಂದೇ ಥರ ಕಂಡರೆ 'ಎರಡೂ ಒಳ್ಳೆಯವು' ಅಂತಲೂ ಆಗಬಹುದು, 'ಎರಡೂ ಕೆಲಸಕ್ಕೆ ಬಾರದವು' ಅಂತಲೂ ಆಗಬಹುದು. ಜೊತೆಗೆ, ಸಣ್ಣ ವ್ಯತ್ಯಾಸ ಹಿಡಿಯಲು ಬಹಳ ಜಾಸ್ತಿ ಜನ ಬೇಕಾಗುತ್ತದೆ. ಅಷ್ಟು ಜನರನ್ನು ಹೊಸ ಔಷಧಿಯ ಅಪಾಯಕ್ಕೆ ಒಡ್ಡಿದಂತೆಯೂ ಆಗುತ್ತದೆ.

## ನಮ್ಮ ದೇಶದ ಕಾನೂನಿನಲ್ಲಿ

2019ರ ಮಾರ್ಚಿನಲ್ಲಿ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದವು. ಅದರ ಪ್ರಕಾರ ಹೊಸ ಔಷಧಿಯ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಕನಿಷ್ಠ ಏಳು ಜನ ಸದಸ್ಯರು, ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರು, ಅರ್ಧದಷ್ಟಾದರೂ ಸದಸ್ಯರು ಹೊರಗಿನವರು. ಅದರಲ್ಲಿ ಕಾನೂನು ಬಲ್ಲವರೊಬ್ಬರು, ಒಬ್ಬ ಮಹಿಳೆ, ಮತ್ತು ವೈದ್ಯಕೀಯ ಓದದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು. ಆ ಸಾಮಾನ್ಯ ವ್ಯಕ್ತಿಯ ಕೆಲಸ, ಕಾಕಾ ಕೇಳಿದ ಪ್ರಶ್ನೆಯನ್ನು ಮೊದಲೇ ಕೇಳುವುದು.

ಮಾಹಿತಿ ಪತ್ರದಲ್ಲಿ ಏನಿರಬೇಕು ಅಂತಲೂ ನಿಯಮ ಹೇಳುತ್ತದೆ. ಯಾವ ಗುಂಪಿಗೆ ಬೀಳುವ ಸಾಧ್ಯತೆ ಎಷ್ಟು, ಹುಸಿ ಗುಳಿಗೆಯಿಂದ ಯಾವ ಗುಣವೂ ಇಲ್ಲ ಅನ್ನುವುದು, ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು, ಎಲ್ಲ ಬರೆದಿರಬೇಕು. ಪ್ರಯೋಗದಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ, ಪರಿಹಾರ ಎರಡೂ ಉಂಟು. ಇದರಲ್ಲಿ ಒಂದು ಅಂಶ ಬಹಳ ಜನರಿಗೆ ಗೊತ್ತಿಲ್ಲ: ಇರುವ ಚಿಕಿತ್ಸೆಯನ್ನು ಕೊಡದೆ ಹುಸಿ ಗುಳಿಗೆಯ ಮೇಲೆ ಇಟ್ಟದ್ದರಿಂದ ಹಾನಿಯಾದರೆ, ಅದನ್ನೂ ಪ್ರಯೋಗದಿಂದಾದ ಹಾನಿ ಅಂತಲೇ ಹಿಡಿಯಬೇಕು. 'ನಾವು ಏನೂ ಕೊಟ್ಟೇ ಇಲ್ಲ, ಹಾನಿ ಹೇಗೆ?' ಅನ್ನುವ ಜಾಣ ಉತ್ತರ ನಡೆಯುವುದಿಲ್ಲ.

2009ರ ಜೂನ್‌ನಿಂದ ಪ್ರಯೋಗಗಳನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿಯಲ್ಲಿ ಮೊದಲೇ ದಾಖಲು ಮಾಡಿಸುವುದು ಕಡ್ಡಾಯ. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ತೆರೆದು ನೋಡಬಹುದು. ಕಾಕಾ ಕಾಗದದ ಮೇಲಿದ್ದ ನಂಬರ್ ಹಾಕಿ ನಾವೂ ನೋಡಿದೆವು, ಸಿಕ್ಕಿತು.

## ಹೆಬ್ಬೆಟ್ಟು ಮತ್ತು ಒಪ್ಪಿಗೆ

ನಿಯಮ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಎಲ್ಲ ನಿಲ್ಲುವುದು ಒಂದು ಸಹಿಯ ಮೇಲೆ. ನಮ್ಮ ಕಡೆ ಅದೇ ಕಷ್ಟ. ಡಾಕ್ಟರ್ ಎದುರು ಕೂತಾಗ "ನೀವ್ ಹೇಳ್ದಂಗ ಆಗ್ಲಿ ಸಾಹೇಬ್ರ" ಅನ್ನುವುದು ನಮಗೆ ರೂಢಿ. ಮೂರು ಬಸ್ಸು ಬದಲಿಸಿ ಬಂದವರು, ಬೇಡ ಅಂದರೆ ನಾಳೆ ಡಾಕ್ಟರ್ ನೋಡುತ್ತಾರೋ ಇಲ್ಲವೋ ಅಂತ ಅಂಜಿ ಹೂಂ ಅನ್ನುತ್ತಾರೆ. ಬೇಡ ಅಂದರೂ ಮಾಮೂಲಿ ಚಿಕಿತ್ಸೆ ನಿಲ್ಲುವ ಹಾಗಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಾಗಿಲ್ಲ. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮಾತುಕತೆ ಮುಗಿಯುವವರೆಗೆ ಪಕ್ಕದಲ್ಲಿ ಇರಬೇಕು. ಹೊಸದಾಗಿ ಕಂಡುಹಿಡಿದ ಔಷಧಿಯಾಗಿದ್ದು, ದುರ್ಬಲ ಸ್ಥಿತಿಯಲ್ಲಿರುವವರು ಸೇರುವುದಾದರೆ ಒಪ್ಪಿಗೆಯ ಮಾತುಕತೆಯ ವಿಡಿಯೊ ಆಗಬೇಕು. ಸಹಿ ಮಾಡಿದ ಪತ್ರದ ಒಂದು ಪ್ರತಿ ರೋಗಿಯ ಕೈಗೆ ಬರಬೇಕು.

ಇನ್ನೊಂದು ಅಪಾರ್ಥ ಬಹಳ ಸಾಮಾನ್ಯ. ಡಾಕ್ಟರ್ ಏನು ಕೊಟ್ಟರೂ ನನ್ನ ಒಳಿತಿಗೇ ಕೊಡುತ್ತಾರೆ ಅಂತ ರೋಗಿ ಅಂದುಕೊಳ್ಳುತ್ತಾನೆ. ಮಾಮೂಲಿ ಚಿಕಿತ್ಸೆಯಲ್ಲಿ ಅದು ಸರಿ. ಪ್ರಯೋಗದಲ್ಲಿ ನಿಮಗೆ ಏನು ಸಿಗಬೇಕು ಅಂತ ತೀರ್ಮಾನಿಸುವುದು ಚೀಟಿ. ಪ್ರಯೋಗದ ಮೊದಲ ಗುರಿ ಮುಂದಿನ ರೋಗಿಗಳಿಗೆ ಉತ್ತರ ಹುಡುಕುವುದು. ಇದು ತಿಳಿದೂ ಸೇರುವವರು ಇದ್ದಾರೆ, ಅವರಿಂದಲೇ ನಾವು ಇವತ್ತು ನುಂಗುವ ಗುಳಿಗೆಗಳೆಲ್ಲ ಬಂದಿವೆ.

ಕಾಕಾ ಎಲ್ಲ ಕೇಳಿಸಿಕೊಂಡು, ಕಾಗದದ ಹಿಂದೆ ಪೆನ್ಸಿಲ್ಲಿನಲ್ಲಿ ಮೂರು ಪ್ರಶ್ನೆ ಬರೆದುಕೊಂಡು ದವಾಖಾನೆಗೆ ಹೋದರು. ಈಗಿನ ಗುಳಿಗೆ ಬಿಡಿಸುತ್ತೀರಾ? ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಪ್ರಯೋಗ ಮುಗಿದ ಮೇಲೆ ಹೊಸ ಗುಳಿಗೆ ಒಳ್ಳೆಯದು ಅಂತಾದರೆ ನನಗೆ ಸಿಗುತ್ತದಾ? ಮೊದಲ ಎರಡಕ್ಕೆ ಅಲ್ಲೇ ಉತ್ತರ ಸಿಕ್ಕಿತು. ಮೂರನೆಯದಕ್ಕೆ, ಕೇಳಿ ಹೇಳುತ್ತೇವೆ ಅಂದರಂತೆ.

ಕಾಗದ ಈಗ ಅವರ ಮನೆ ಟಿವಿಯ ಮೇಲಿದೆ. ಮೊನ್ನೆ ಹಾಲು ತರಲು ಹೋದಾಗ ಸಿಕ್ಕಿದ್ದರು, ಸಹಿ ಮಾಡಿದಿರಾ ಅಂತ ಕೇಳಿದೆ.

"ಮೂರನೇದಕ್ಕ ಉತ್ತರ ಬರ್ಲಿ ತಮ್ಮಾ," ಅಂದರು. "ಟಿಕೆಟ್ ಹರಿಯೋಕಿಂತ ಮೊದ್ಲು ಎಲ್ಲಿಗಿ ಹೊಂಟೀರಿ ಅಂತ ಕೇಳ್ತಿದ್ದಿಲ್ಲೇನು ನಾನು?"